ಯಾದವಗಿರಿಯ ಗಾಡಿ, ಎರೆನಾಡಿನ ಕುಲುಮೆ

ಮಲಪ್ರಭೆಯ ಎರಡೂ ದಂಡೆಗಳಲ್ಲಿ ಹಬ್ಬಿರುವ ಎರೆಭೂಮಿಯ ಸ್ವಭಾವವನ್ನು ಅರಿಯದವನಿಗೆ ಆ ಸೀಮೆಯ ವಾಹನಗಳ ಚರಿತ್ರೆ ಸುಲಭವಾಗಿ ತಿಳಿಯತಕ್ಕದ್ದಲ್ಲ. ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕುಬಿಟ್ಟು ಬಾಯ್ದೆರೆದು ನಿಲ್ಲುವ ಆ ಕರಿಯ ಮಣ್ಣು, ಮುಂಗಾರಿನ ನಾಲ್ಕು ಹನಿ ಬಿದ್ದೊಡನೆ ಅಂಟಾಗಿ ಮಾರ್ಪಟ್ಟು, ಎತ್ತಿನ ಗೊರಸನ್ನೂ ಚಕ್ಕಡಿಯ ಗಾಲಿಯನ್ನೂ ಮನುಷ್ಯನ ಪಾದವನ್ನೂ ಭೇದವೆಣಿಸದೆ ಹಿಡಿದು ನಿಲ್ಲಿಸುತ್ತದೆ. ಕಿತ್ತೂರಿನ ಕಡೆಗೆ ಸಾಗಿದಂತೆ ಮಣ್ಣು ಕೆಂಪಾಗಿ ಮಳೆ ಹೆಚ್ಚುವುದು ನಿಜ. ಆದರೆ ರಾಮದುರ್ಗ ತಾಲೂಕಿನ ಸಾಲಹಳ್ಳಿಯಂಥ ಊರುಗಳೂ, ಸವದತ್ತಿ ಬೈಲಹೊಂಗಲಗಳ ಬಯಲ ಹಳ್ಳಿಗಳೂ ಈ ಎರೆಯೊಡನೆ ಒಪ್ಪಂದ ಮಾಡಿಕೊಂಡೇ ಬಾಳಿದುವು.

ಈ ನೆಲಕ್ಕೆ ಮೊದಲು ಬಂಡಿ ಕಟ್ಟಿಕೊಟ್ಟವರು ಊರ ಬಡಿಗೇರನೂ ಕಮ್ಮಾರನೂ. ಸುಗ್ಗಿಯ ಕಣದಿಂದ ಸಲ್ಲುವ ಆಯದ ಕಾಳೇ ಅವರ ವೇತನ. ಗಾಲಿಯ ಮರ ಸವೆದಾಗ ಅಥವಾ ಹುಳು ಹಿಡಿದಾಗ ಬಡಿಗೇರನು ಹೊಸ ಮರವನ್ನು ಕೂಡಿಸುತ್ತಿದ್ದನು. ಹಳೆಯ ಗಾಲಿಯ ಕಬ್ಬಿಣದ ಪಟ್ಟಿಯನ್ನು ಮಾತ್ರ ಯಾರೂ ಎಸೆಯುತ್ತಿರಲಿಲ್ಲ. ಅದನ್ನು ಅಳತೆಗೆ ಕತ್ತರಿಸಿ ಬೆಸೆದು, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿರುವಾಗಲೇ ಹೊಸ ಗಾಲಿಗೆ ತೊಡಿಸಿ, ಮೇಲೆ ನೀರು ಸುರಿದು ಕುಗ್ಗಿಸಿ ಬಿಗಿಗೊಳಿಸುವುದು ಪದ್ಧತಿ. ಬನದ ಹುಣ್ಣಿಮೆಗೂ ಭರತ ಹುಣ್ಣಿಮೆಗೂ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಸಾಲುಗಟ್ಟಿ ಬರುತ್ತಿದ್ದ ಚಕ್ಕಡಿಗಳಲ್ಲಿ ಅಜ್ಜನ ಕಾಲದ ಕಬ್ಬಿಣ ಮೊಮ್ಮಗನ ಕಾಲದ ಮರದ ಮೇಲೆ ಉರುಳುತ್ತಿದ್ದುದು ಯಾರಿಗೂ ವಿಶೇಷವಾಗಿ ತೋರುತ್ತಿರಲಿಲ್ಲ. ಹಳೆಯ ಟೂ-ಸ್ಟ್ರೋಕ್ ಮೋಟಾರ್ ಸೈಕಲ್ಲುಗಳ ಬಿಡಿಭಾಗಗಳನ್ನು ಆಯ್ದು ಕೂಡಿಸಿ, ಸ್ಟ್ರೀಟ್ ಟ್ರ್ಯಾಕರ್ ಎಂಬ ಹೆಸರಿನಿಂದ ಈಗಿನ ಯುವಕರು ಕಟ್ಟುವ ಗಾಡಿಯನ್ನು ಈ ಪದ್ಧತಿಯ ವಂಶದಲ್ಲಿಯೇ ಎಣಿಸಬೇಕೆಂಬುದು ನನ್ನ ಮತ. ಹೆಸರು ಅಮೆರಿಕದಿಂದ ಬಂದ ಮಾತ್ರಕ್ಕೆ ಕುಲವೂ ಅಲ್ಲಿಯದೇ ಆಗಬೇಕಾಗಿಲ್ಲ.

ಯಂತ್ರವಿದ್ಯೆಯಾದರೂ ಈ ಸೀಮೆಗೆ ಪರಕೀಯವಲ್ಲ. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ತಮ್ಮ ಉದ್ಯಮದ ಬಾಳನ್ನು ಆರಂಭಿಸಿದುದು 1888ರಲ್ಲಿ, ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ. ಮೇವು ಕತ್ತರಿಸುವ ಯಂತ್ರವೂ, ಮಣ್ಣಿಗೆ ಕಬ್ಬಿಣದ ವಿಷ ಏರೀತೆಂದು ರೈತರು ಮೊದಮೊದಲು ಅಂಜಿದ ಕಬ್ಬಿಣದ ನೇಗಿಲೂ ಆಮೇಲೆ ಬಂದುವು. 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಅದೇ ಮನೆತನದ ಇನ್ನೊಂದು ಕಾರ್ಖಾನೆ, ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್, ಲೇತ್ ಯಂತ್ರಗಳನ್ನು ತಯಾರಿಸಿತು. ಆ ಲೇತುಗಳು ಕನ್ನಡ ನಾಡಿನ ತಾಲೂಕು ಪಟ್ಟಣಗಳ ವರ್ಕ್‌ಶಾಪುಗಳನ್ನು ಸೇರಿ, ಕಾರ್ಖಾನೆ ಮುಚ್ಚಿದ ಮೇಲೂ ತಿರುಗುತ್ತಿವೆ. ಬೆಳಗಾವಿಯ ಉದ್ಯಮಬಾಗದ ಎರಕದ ಮನೆಗಳನ್ನೂ ಕ್ರ್ಯಾಂಕ್ ಶಾಫ್ಟ್ ತಯಾರಿಸುವ ಘಟಕಗಳನ್ನೂ ಇದರೊಡನೆ ಸೇರಿಸಿ ನೋಡಿದರೆ, ಒಂದು ಮುರುಕು ಗಾಡಿಯನ್ನು ಮರಳಿ ನಿಲ್ಲಿಸಲು ಬೇಕಾದ ವಿದ್ಯೆಯೆಲ್ಲ ಸಾಲಹಳ್ಳಿಯಿಂದ ಒಂದು ದಿನದ ಪಯಣದೊಳಗೇ ದೊರೆಯುವುದೆಂಬುದು ಸ್ಪಷ್ಟವಾಗುತ್ತದೆ.

ಆದರೆ ಟ್ರ್ಯಾಕರಿಗೆ ಬೇಕಾದ ಹಳೆಯ ಟೂ-ಸ್ಟ್ರೋಕ್ ಗಾಡಿ ಬಂದುದು ದಕ್ಷಿಣದ ಮೈಸೂರಿನಿಂದ. ಅದರ ಮೂಲವಾದರೋ ಇನ್ನೂ ದೂರದ್ದು. ಶಸ್ತ್ರಾಸ್ತ್ರಗಳನ್ನು ತಯಾರಿಸುತ್ತಿದ್ದ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಚೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ಲಿನ ಹಕ್ಕನ್ನು ಪಡೆದನು. ಎರಡೂ ಹೆಸರುಗಳ ಮೊದಲಕ್ಷರಗಳು ಕೂಡಿ ಜಾವಾ ಆಯಿತು. ಎರಡನೆಯ ಮಹಾಯುದ್ಧದಲ್ಲಿ ಚೆಕ್ ದೇಶವು ಜರ್ಮನರ ವಶದಲ್ಲಿದ್ದಾಗ ಅಲ್ಲಿನ ಎಂಜಿನಿಯರುಗಳು ಗುಪ್ತವಾಗಿ ರೂಪಿಸಿದ 250 ಸಿಸಿ ಗಾಡಿಯೇ ಯುದ್ಧಾನಂತರದ ಜಾವಾಗಳಿಗೆಲ್ಲ ಮೂಲಪುರುಷ. ಭಾರತಕ್ಕೆ ಇವನ್ನು ತರಿಸುತ್ತಿದ್ದ ಇರಾನಿ ಮನೆತನದವರು, ವಿದೇಶದ ಗಾಡಿಗಳ ಆಮದು ನಿಂತಾಗ, ದೇಶದಲ್ಲಿಯೇ ತಯಾರಿಕೆ ನಡೆಸಲು ನಿಶ್ಚಯಿಸಿ, 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಮೈಸೂರಿನಲ್ಲಿ ಸ್ಥಾಪಿಸಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಬೆಂಬಲವು ಅವರಿಗೆ ದೊರೆಯಿತು. ಮಾರನೆಯ ವರ್ಷದಿಂದ ಆ ಊರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಗಾಡಿಗಳು ಸಿದ್ಧವಾಗತೊಡಗಿದುವು. ಎಪ್ಪತ್ತರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ, ಇರಾನಿಗಳ ಪೂರ್ವಿಕರ ಊರಾದ ಪರ್ಷಿಯಾದ ಯಜ್ದ್ ಪಟ್ಟಣವನ್ನು ನೆನೆಯಿಸುವ ಯೆಜ್ಡಿ ಎಂಬ ಹೆಸರು ಟಾಕಿಯ ಮೇಲೆ ಬಂತು. 1978ರಲ್ಲಿ ರೋಡ್‌ಕಿಂಗ್ ಎಂಬ ಯೆಜ್ಡಿ ಮಾದರಿ ಬಂತು.

ಈ ಗಾಡಿಯ ಗುಣವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ನಾಲ್ಕು ಸಲ ಚಲಿಸಿದಾಗ ಒಮ್ಮೆ ಮಾತ್ರ ಶಕ್ತಿ ಹುಟ್ಟುತ್ತದೆ. ಟೂ-ಸ್ಟ್ರೋಕಿನಲ್ಲಿ ಎರಡು ಚಲನೆಗೆ ಒಮ್ಮೆ. ಕವಾಟಗಳಿಲ್ಲ, ಅವನ್ನು ಎತ್ತಿಳಿಸುವ ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ರಂಧ್ರಗಳನ್ನು ಪಿಸ್ಟನ್ನೇ ಮುಚ್ಚುತ್ತ ತೆರೆಯುತ್ತ ಹೋಗುತ್ತದೆ. ಕ್ರ್ಯಾಂಕಿನ ಕೋಣೆಯಲ್ಲಿ ಮಿಶ್ರಣವನ್ನು ಒತ್ತಿ ಮೇಲಕ್ಕೆ ಕಳುಹುವ ಈ ಸರಳ ಉಪಾಯವನ್ನು ಇಂಗ್ಲೆಂಡಿನ ಜೋಸೆಫ್ ಡೇ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಂಡುಹಿಡಿದನು. ಆ ಕೋಣೆಯಲ್ಲಿ ಎಣ್ಣೆ ನಿಲ್ಲಿಸುವಂತಿಲ್ಲವಾದುದರಿಂದ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು. ಹಿಂದೆ ಹೊರಡುವ ನೀಲಿ ಹೊಗೆಗೆ ಅದೇ ಕಾರಣ. ಮೈಸೂರಿನ 250 ಸಿಸಿ ಎಂಜಿನ್ನಿನಲ್ಲಿ ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75. ಒಂದೇ ಸಿಲಿಂಡರಿಗೆ ಎಡಕ್ಕೊಂದು ಬಲಕ್ಕೊಂದು ಎರಡು ಸೈಲೆನ್ಸರ್. ಗೇರ್ ಹಾಕುವ ಸನ್ನೆಯನ್ನೇ ಒಳಕ್ಕೊತ್ತಿ ತಿರುಗಿಸಿದರೆ ಅದೇ ಕಿಕ್ ಆಗುವ ಚಮತ್ಕಾರ. ಕಡಿಮೆ ವೇಗದಲ್ಲಿಯೂ ಕುಂದದ ಎಳೆತವಿದ್ದುದರಿಂದ, ಹೆಂಡತಿ ಮಕ್ಕಳ ಜೊತೆಗೆ ಒಂದು ಚೀಲ ಜೋಳವನ್ನೂ ಹೇರಿಕೊಂಡು ಹೊಲದ ಹಾದಿ ಹತ್ತುವ ರೈತನಿಗೆ ಈ ಫಟಫಟಿ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ಎರೆಮಣ್ಣು ಮಡ್‌ಗಾರ್ಡಿನೊಳಗೆ ತುರುಕಿ ಗಾಲಿಯನ್ನೇ ಕಟ್ಟಿಹಾಕುವ ದಿನಗಳಲ್ಲಿ ಕಡ್ಡಿಯಿಂದ ಕೆದರಿ ಕೆದರಿ ಬೇಸತ್ತು, ಮುಂದಿನ ಮಡ್‌ಗಾರ್ಡನ್ನು ಬಿಚ್ಚಿ ಮನೆಯ ಅಟ್ಟಕ್ಕೆ ಎಸೆದವನು, ತಾನರಿಯದೆಯೇ ಟ್ರ್ಯಾಕರಿನ ಮೊದಲ ಪಾಠವನ್ನು ಕಲಿತಿದ್ದನು.

1985ರ ಸುಮಾರಿಗೆ ಜಪಾನೀ ಸಹಯೋಗದ ಹಗುರ ಗಾಡಿಗಳು ಬಂದುವು. ಹೀರೋ ಹೋಂಡಾ ಪೆಟ್ರೋಲ್ ಉಳಿಸಿತು. ಯಮಹಾ ಆರ್‌ಎಕ್ಸ್ 100, ತಾನೂ ಟೂ-ಸ್ಟ್ರೋಕೇ ಆಗಿದ್ದು, ಹುಡುಗರ ಮನಸ್ಸನ್ನು ಕದ್ದಿತು. ಹೊಗೆಯ ನಿಯಮಗಳು 1996ರಲ್ಲಿಯೂ 2000ದಲ್ಲಿಯೂ ಬಿಗಿಯಾದುವು. ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಳ್ಳಿಯ ಯೆಜ್ಡಿಗಳು ದನದ ಕೊಟ್ಟಿಗೆಯ ಮೂಲೆ ಸೇರಿದುವು. ಅಲ್ಲಿಂದ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದುವು.

ಇನ್ನು ಟ್ರ್ಯಾಕರಿನ ಮಾತು. ಅಮೆರಿಕದಲ್ಲಿ ಕುದುರೆ ಜೂಜಿನ ಮಣ್ಣಿನ ಅಂಡಾಕಾರದ ಮೈದಾನಗಳಲ್ಲಿ ಮೋಟಾರ್ ಸೈಕಲ್ ಪಂದ್ಯ ನಡೆಯುವ ರೂಢಿ ಹಳೆಯದು. ಅಲ್ಲಿ ತಿರುವೆಲ್ಲ ಎಡಕ್ಕೇ, ಹಿಂದಿನ ಗಾಲಿ ಜಾರುತ್ತಲೇ ಇರಬೇಕು, ಮುಂದಿನ ಗಾಲಿಗೆ ಬ್ರೇಕೇ ಇಲ್ಲ. ಆ ಪಂದ್ಯದ ಗಾಡಿಗೆ ದೀಪವನ್ನೂ ನಂಬರ್ ಪ್ಲೇಟನ್ನೂ ಜೋಡಿಸಿ ರಸ್ತೆಗೆ ತಂದರೆ ಅದೇ ಸ್ಟ್ರೀಟ್ ಟ್ರ್ಯಾಕರ್. ಅಗಲವಾದ ಹ್ಯಾಂಡಲ್, ಸಣ್ಣ ಟಾಕಿ, ಹಿಂದಕ್ಕೆ ಮೊಟಕಾಗಿ ನಿಲ್ಲುವ ಸೀಟು, ಹಿಂದೆ ಮುಂದೆ ಸಮನಾದ 19 ಇಂಚಿನ ಗಾಲಿಗಳು: ಇಷ್ಟೇ ಲಕ್ಷಣ. ಫೋರ್-ಸ್ಟ್ರೋಕಿನ ರಾಜ್ಯವೆನಿಸಿದ್ದ ಆ ಮೈದಾನದಲ್ಲಿ, ಇಂಡಿಯಾನಾಪೊಲಿಸ್ ಪಟ್ಟಣದ ಒಂದು ಮೈಲಿಯ ಪಂದ್ಯವನ್ನು 1975ರಲ್ಲಿ ಕೆನ್ನಿ ರಾಬರ್ಟ್ಸ್ ಎಂಬ ಸವಾರನು ಯಮಹಾದ ನಾಲ್ಕು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ನಿನಿಂದ ಗೆದ್ದುದು ಇಂದಿಗೂ ಸವಾರರ ಬಾಯಲ್ಲಿದೆ. ನಮ್ಮ ಕಡೆ ಅಂಥ ಮೈದಾನವಿರಲಿಲ್ಲ. ಯೆಜ್ಡಿಗಳು ಪಂದ್ಯಕ್ಕೆಂದು ಓಡಿದುದು ಮದರಾಸಿನ ಬಳಿಯ ಶೋಳಾವರಂ ಎಂಬ ಹಳೆಯ ವಿಮಾನಪಟ್ಟಿಯ ಮೇಲೆ. ಆದರೆ ಮೈದಾನಕ್ಕೆ ಬೇಕಾದ ಮಣ್ಣು ನಮ್ಮಲ್ಲಿ ಬೇಕಾದಷ್ಟಿತ್ತು.

ಕಟ್ಟುವ ಕ್ರಮದಲ್ಲಿ ಜಾಣತನವಿರುವುದು ಸೇರಿಸುವುದರಲ್ಲಲ್ಲ, ಕಳೆಯುವುದರಲ್ಲಿ. ಗುಜರಿ ಅಂಗಡಿಯ ರಾಶಿಯಿಂದ ಒಂದು ಚಾಸಿ, ಇನ್ನೊಂದರ ಎಂಜಿನ್, ಮತ್ತೊಂದರ ಫೋರ್ಕು ದೊರಕಿದ ಮೇಲೆ, ಮಿಸ್ತ್ರಿಯು ಮೊದಲು ಮುಟ್ಟಬೇಕಾದುದು ಕ್ರ್ಯಾಂಕಿನ ಕೋಣೆಯನ್ನು. ಟೂ-ಸ್ಟ್ರೋಕಿಗೆ ಆ ಕೋಣೆಯೇ ಶ್ವಾಸಕೋಶ. ಎರಡೂ ಬದಿಯ ಆಯಿಲ್ ಸೀಲುಗಳು ಒಣಗಿ ಗಾಳಿ ಸೋರಿದರೆ ಮಿಶ್ರಣ ತೆಳುವಾಗಿ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚುತ್ತದೆ. ಇದನ್ನರಿಯದೆ ಹೊಳೆಯುವ ಬಣ್ಣಕ್ಕೆ ಹಣ ಸುರಿದವನ ಗಾಡಿ ಊರ ಸೀಮೆ ದಾಟುವುದಿಲ್ಲ. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ, ಹೊಸ ಪಿನ್ನು ಬೇರಿಂಗು ಹಾಕಿ, ಮತ್ತೆ ಒತ್ತಿ ಕೂಡಿಸಿ, ಲೇತಿನ ಮೇಲೆ ನೆಟ್ಟಗೆ ಮಾಡಬೇಕು. ಸಿಲಿಂಡರನ್ನು ಬೋರ್ ಮಾಡಿಸಿ ಮೇಲಿನ ಅಳತೆಯ ಪಿಸ್ಟನ್ ತರಬೇಕು. ಹಳೆಯ ಜಾವಾದ ಗಾಲಿ 16 ಇಂಚು, ರೋಡ್‌ಕಿಂಗಿನದು 18. 19ರ ರಿಮ್ಮಿಗೆ ಹಳೆಯ ಹಬ್ಬಿನಿಂದ ಸ್ಪೋಕ್ ಕಟ್ಟುವುದು ಸೈಕಲ್ ಅಂಗಡಿಯಲ್ಲಿ ಬೆಳೆದ ಕೈಗೆ ಮಾತ್ರ ಒಲಿಯುವ ಕೆಲಸ. 6 ವೋಲ್ಟಿನ ಡೈನಮೋ ರಾತ್ರಿಯಲ್ಲಿ ಮಿಣುಕುವಷ್ಟೇ ಬೆಳಕು ಕೊಡುವುದರಿಂದ 12 ವೋಲ್ಟಿಗೆ ಬದಲಿಸುವುದು ವಿವೇಕ. ಮುಂದಿನ ಬ್ರೇಕನ್ನು ತೆಗೆಯುವ ಹುಚ್ಚು ಮಾತ್ರ ಕೂಡದು: ಪಂದ್ಯದ ಮೈದಾನದಲ್ಲಿ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರುವುದಿಲ್ಲ.

ಸೈಲೆನ್ಸರಿನ ವಿಷಯದಲ್ಲಿ ಒಂದು ಮಾತು. ಟೂ-ಸ್ಟ್ರೋಕಿನ ಹೊಗೆಕೊಳವೆ ಬರಿಯ ಕೊಳವೆಯಲ್ಲ. ಅದರ ಉಬ್ಬುತಗ್ಗುಗಳಿಂದ ಮರಳುವ ಒತ್ತಡದ ಅಲೆಯು, ಹೊರಹೋಗುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಹಿಂದಕ್ಕೆ ತಳ್ಳುತ್ತದೆ. ಪೂರ್ವ ಜರ್ಮನಿಯ ಎಂಝೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಈ ತತ್ತ್ವವನ್ನು ಸಿದ್ಧಿಗೆ ತಂದನು. ಅಲ್ಲಿಯ ಸವಾರ ಎರ್ನ್‌ಸ್ಟ್ ಡೆಗ್ನರ್ 1961ರಲ್ಲಿ ದೇಶ ಬಿಟ್ಟೋಡಿ ಆ ವಿದ್ಯೆಯನ್ನು ಸುಜುಕಿಗೆ ಮುಟ್ಟಿಸಿದನು. ಆದುದರಿಂದ ಸೈಲೆನ್ಸರನ್ನು ಅರ್ಧಕ್ಕೆ ಕತ್ತರಿಸಿ ಸದ್ದು ಹೆಚ್ಚಿಸುವವರು ಶಕ್ತಿಯನ್ನು ಹೆಚ್ಚಿಸುತ್ತಿಲ್ಲ, ಕಳೆಯುತ್ತಿದ್ದಾರೆ. ನೆರೆಹೊರೆಯವರ ನಿದ್ರೆಯನ್ನು ಕೆಡಿಸುವುದು ಅದರ ಮೇಲಿನ ಪಾಪ.

ರಾಜಶಾಸನವೂ ಇಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಅದನ್ನು ಎತ್ತಿಹಿಡಿಯಿತು. ಹವ್ಯಾಸಿಗಳು ಇದಕ್ಕೆ ಮುನಿಯುವುದುಂಟು. ಚಾಸಿಯ ಕಂಬಿ ಕೊಯ್ದು ಕಚ್ಚಾ ವೆಲ್ಡಿಂಗ್ ಮಾಡಿದ ಗಾಡಿಗಳನ್ನು ನೋಡಿದರೆ ಕಾಯಿದೆಯ ಅಂಜಿಕೆ ನಿರಾಧಾರವೆನ್ನಲು ನನಗಂತೂ ಮನಸ್ಸು ಬಾರದು. ಕತ್ತರಿಸಿ ಕಟ್ಟಿದ ಗಾಡಿಯನ್ನು ರಸ್ತೆಗಿಳಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಇಲ್ಲವಾದರೆ ಅದು ಹೊಲದ ಹಾದಿಯಲ್ಲಿ, ಸ್ವಂತ ನೆಲದಲ್ಲಿ ಓಡಿಕೊಂಡಿರಲಿ.

ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು ಮೈಸೂರುಗಳಲ್ಲಿ ಜಾವಾ ದಿನವೆಂದು ಹಳೆಯ ಗಾಡಿಗಳು ನೆರೆಯುತ್ತವೆ. ಅಲ್ಲಿ ಮೂಲರೂಪಕ್ಕೆ ಸಲ್ಲುವ ಗೌರವ ಮಾರ್ಪಟ್ಟ ರೂಪಕ್ಕೆ ಸುಲಭವಾಗಿ ಸಲ್ಲುವುದಿಲ್ಲ. ನನ್ನ ತೀರ್ಪು ಇವೆರಡರ ನಡುವೆ ನಿಲ್ಲುತ್ತದೆ. ದಿಕ್ಕಿಲ್ಲದೆ ಬಿದ್ದ ಬಿಡಿಭಾಗಗಳಿಂದ ಟ್ರ್ಯಾಕರ್ ಕಟ್ಟುವವನು ಕೊಂದವನಲ್ಲ, ಬದುಕಿಸಿದವನು. ಆದರೆ ಕೊಟ್ಟಿಗೆಯ ಹುಲ್ಲಿನಡಿಯಲ್ಲಿ ಎಂಜಿನ್ನೂ ಚಾಸಿಯೂ ಒಂದಕ್ಕೊಂದು ಹೊಂದುವ ನಂಬರುಗಳೊಡನೆ, ಆರ್‌ಸಿ ಪುಸ್ತಕದ ಸಮೇತ, ಇಡಿಯಾಗಿ ಉಳಿದ ಯೆಜ್ಡಿ ನಿಮಗೆ ದೊರೆತರೆ, ದಯವಿಟ್ಟು ಅದರ ಹತ್ತಿರ ಗ್ರೈಂಡರ್ ಸುಳಿಯಗೊಡದೆ, ಇದ್ದಂತೆಯೇ ದುರಸ್ತಿ ಮಾಡಿಸಿರಿ. 1996ರ ತರುವಾಯ ಯಾದವಗಿರಿಯಿಂದ ಅಂಥ ಇನ್ನೊಂದು ಗಾಡಿ ಹೊರಬಂದಿಲ್ಲ.