ಸ್ಕ್ರೂಡ್ರೈವರ್ ಯಾರ ಕೈಯಲ್ಲಿ?

ಕಂಪ್ಯೂಟರ್ ಆನ್ ಆಗ್ತಿಲ್ಲ, ಬೀಪ್ ಬೀಪ್ ಅಂತ ಕೂಗ್ತಿದೆ. ಆಗ ನಮ್ಮ ಬೀದಿಯ ಮೆಕ್ಯಾನಿಕ್ ಏನು ಮಾಡ್ತಿದ್ದ ನೆನಪಿದೆಯಾ? ನಾಲ್ಕು ಸ್ಕ್ರೂ ಬಿಚ್ಚಿ, ರ‍್ಯಾಮ್ ಹೊರಗೆ ತೆಗೆದು, ಶಾಲಾ ಮಕ್ಕಳ ರಬ್ಬರಿನಿಂದ ಅದರ ಅಂಚನ್ನು ಉಜ್ಜಿ ವಾಪಸ್ ಕೂರಿಸುತ್ತಿದ್ದ. ಕಂಪ್ಯೂಟರ್ ಸ್ಟಾರ್ಟ್! ಇವತ್ತು ಅದೇ ಮೆಕ್ಯಾನಿಕ್ ಮುಂದೆ ಹೊಸ ಲ್ಯಾಪ್‌ಟಾಪ್ ಇಡಿ. ಬಹಳಷ್ಟು ಮಾಡೆಲ್‌ಗಳಲ್ಲಿ ರ‍್ಯಾಮ್ ಹೊರಗೆ ಬರೋದೇ ಇಲ್ಲ. "ಬೋರ್ಡೇ ಚೇಂಜ್ ಮಾಡ್ಬೇಕು ಸಾರ್" ಅಂತಾನೆ. ಬೋರ್ಡಿನ ರೇಟ್ ಕೇಳಿದರೆ ಹೊಸ ಲ್ಯಾಪ್‌ಟಾಪೇ ವಾಸಿ ಅನಿಸುತ್ತೆ.

ಇದು ತಾನಾಗೇ ಆಗಿದ್ದಲ್ಲ. ಸ್ಕ್ರೂವಿನ ತಲೆ ನೋಡಿದರೆ ಈ ಕಥೆ ಅರ್ಥವಾಗುತ್ತೆ.

ನಾವು ಸ್ಟಾರ್ ಅಂತ ಕರೆಯೋ ಪ್ಲಸ್ ಗುರುತಿನ ಸ್ಕ್ರೂ ಇದೆಯಲ್ಲ, ಅದರ ನಿಜವಾದ ಹೆಸರು ಫಿಲಿಪ್ಸ್. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದರು. ಮೂಲ ಐಡಿಯಾ ಥಾಂಪ್ಸನ್ ಎಂಬಾತನದು, ಫಿಲಿಪ್ಸ್ ಅದನ್ನು ಕೊಂಡುಕೊಂಡು ಸುಧಾರಿಸಿದರು. (ಹೆಸರು ಉಳಿದಿದ್ದು ಯಾರದ್ದು ನೋಡಿ!) ಮೊದಲು ಬಳಸಿದ್ದು ಕಾರ್ ಕಾರ್ಖಾನೆ. ಕಾರಣ ಸರಳ. ಟೂಲಿನ ತುದಿ ತಾನಾಗೇ ಸ್ಕ್ರೂವಿನ ನಡುವೆ ಕೂರುತ್ತೆ, ಕೆಲಸ ಬೇಗ ಮುಗಿಯುತ್ತೆ. ಯಾರನ್ನೂ ಹೊರಗಿಡೋ ಉದ್ದೇಶ ಅದಕ್ಕಿರಲಿಲ್ಲ.

1981ರಲ್ಲಿ ಐಬಿಎಂ ಪಿಸಿ ಬಂತು. ಸಾಮಾನ್ಯ ಸ್ಕ್ರೂಡ್ರೈವರ್ ಇದ್ದರೆ ಮುಚ್ಚಳ ತೆಗೆಯಬಹುದಿತ್ತು. ಒಳಗೆ ಐದು ಸ್ಲಾಟ್. ಅದಕ್ಕಿಂತ ದೊಡ್ಡ ವಿಷಯ ಅಂದ್ರೆ, ಸರ್ಕ್ಯೂಟ್ ನಕ್ಷೆ ಇರುವ ತಾಂತ್ರಿಕ ಪುಸ್ತಕವನ್ನು ಐಬಿಎಂ ತಾನೇ ಮಾರುತ್ತಿತ್ತು. ದುಡ್ಡು ಕೊಟ್ಟವನಿಗೆ ಯಂತ್ರದ ಜಾತಕವೂ ಸಿಗುತ್ತಿತ್ತು! ನಮ್ಮಲ್ಲಿ ಅಸೆಂಬಲ್ಡ್ ಕಂಪ್ಯೂಟರ್ ಅನ್ನೋ ಒಂದು ವ್ಯಾಪಾರವೇ ಹುಟ್ಟಿತಲ್ಲ, ಬೆಂಗಳೂರಿನ ಎಸ್.ಪಿ. ರೋಡ್ ಬೆಳೀತಲ್ಲ, ಅದರ ಬೇರು ಇರೋದು ಈ ತೆರೆದ ಪೆಟ್ಟಿಗೆಯಲ್ಲಿ.

ಮೂರೇ ವರ್ಷ. 1984ರ ಜನವರಿಯಲ್ಲಿ ಆಪಲ್ ಮ್ಯಾಕಿಂಟಾಷ್ ಬಿಟ್ಟಿತು. ಜನ ಅದನ್ನು ಬಿಚ್ಚೋದು ಸ್ಟೀವ್ ಜಾಬ್ಸ್‌ಗೆ ಇಷ್ಟವಿರಲಿಲ್ಲ. ಹಾಗಾಗಿ ಆರು ಮೂಲೆಯ ಟಾರ್ಕ್ಸ್ ಸ್ಕ್ರೂ ಹಾಕಿದರು. ಅದರಲ್ಲೂ ಎರಡು ಹಿಡಿಕೆಯ ಆಳದಲ್ಲಿ. ಉದ್ದನೆಯ ವಿಶೇಷ ಟೂಲ್ ಇಲ್ಲದಿದ್ದರೆ ಕೈಯೇ ಎಟುಕಲ್ಲ. ತಮಾಷೆ ಕೇಳಿ: ಆ ಪೆಟ್ಟಿಗೆಯ ಒಳಗೋಡೆಯ ಮೇಲೆ ಜಾಬ್ಸ್ ಸೇರಿದಂತೆ ತಂಡದವರೆಲ್ಲ ಸಹಿ ಮಾಡಿದ್ದರು. ಯಾರೂ ತೆರೆಯಬಾರದ ಪೆಟ್ಟಿಗೆಯೊಳಗೆ ಹಸ್ತಾಕ್ಷರ!

2009ರಲ್ಲಿ ಅದೇ ಕಂಪನಿ ಮ್ಯಾಕ್‌ಬುಕ್ ಪ್ರೋ ಬ್ಯಾಟರಿಗೆ ಐದು ಎಸಳಿನ ಸ್ಕ್ರೂ ತಂದಿತು. ಹೆಸರು ಪೆಂಟಲೋಬ್. ಮುಂದೆ ಐಫೋನ್ 4ಕ್ಕೂ ಬಂತು. ಐಫಿಕ್ಸಿಟ್ ಎಂಬ ಸಂಸ್ಥೆ 2011ರಲ್ಲಿ ಇದನ್ನು ಬಯಲಿಗೆಳೆದು, ಆ ಸ್ಕ್ರೂ ಬಿಚ್ಚೋ ಟೂಲನ್ನು ‘ವಿಮೋಚನಾ ಕಿಟ್’ ಅನ್ನೋ ಹೆಸರಲ್ಲೇ ಮಾರಿತು. ಸ್ಕ್ರೂವಿಗೆ ಬಿಡುಗಡೆ ಸಿಕ್ಕಿತು, ಸರಿ. ಆದರೆ 2012ರ ರೆಟಿನಾ ಮ್ಯಾಕ್‌ಬುಕ್ ಪ್ರೋದಲ್ಲಿ ಬ್ಯಾಟರಿಗೆ ಅಂಟು, ರ‍್ಯಾಮ್‌ಗೆ ಬೆಸುಗೆ! ಅಂಟಿಗೆ ಸ್ಕ್ರೂಡ್ರೈವರ್ ಏನು ಮಾಡುತ್ತೆ?

ಬೆಸುಗೆಯೂ ಬದಲಾಗಿತ್ತು. ಸೀಸ ವಿಷ, ಹಾಗಾಗಿ ಯುರೋಪ್ 2006ರಲ್ಲಿ ಅದನ್ನು ನಿರ್ಬಂಧಿಸಿತು. ಒಳ್ಳೆಯ ಕೆಲಸವೇ. ಆದರೆ ಹಳೇ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು, ಸೀಸವಿಲ್ಲದ್ದು ಕರಗೋದಕ್ಕೆ ಸುಮಾರು 217 ಡಿಗ್ರಿ ಬೇಕು. ಜೊತೆಗೆ ಚಿಪ್‌ಗಳ ಕಾಲುಗಳು ಹೊಟ್ಟೆಯಡಿ ಸೇರಿಕೊಂಡವು. ಬರೀ ಸೋಲ್ಡರಿಂಗ್ ಐರನ್ ಸಾಲದೆ ಹಾಟ್ ಏರ್ ಗನ್, ಮೈಕ್ರೋಸ್ಕೋಪ್ ಎಲ್ಲ ಬೇಕಾಯ್ತು. ಸಣ್ಣ ಅಂಗಡಿಯವನಿಗೆ ಇದು ದೊಡ್ಡ ಬಂಡವಾಳ ಕಣ್ರೀ.

ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲ ಅಂತಲ್ಲ. ಲಿಥಿಯಂ ಬ್ಯಾಟರಿಗೆ ಟೂಲ್ ಚುಚ್ಚಿದರೆ ಬೆಂಕಿ ಹತ್ತಬಹುದು. ತೆಳು ಲ್ಯಾಪ್‌ಟಾಪ್ ಬೇಕು ಅಂತ ಕೇಳಿದವರೂ ನಾವೇ. ಆದರೆ ಒಂದು ಸ್ಕ್ರೂವಿನ ತಲೆಗೆ ಐದು ಎಸಳು ಕೊರೆದರೆ ಲ್ಯಾಪ್‌ಟಾಪ್ ಎಷ್ಟು ತೆಳುವಾಗುತ್ತೆ, ಹೇಳಿ?

ಈಗಿನ ಬೀಗ ಕಣ್ಣಿಗೇ ಕಾಣಲ್ಲ. ಅಸಲಿ ಬಿಡಿಭಾಗ ತಂದು ಹಾಕಿದರೂ, ಅದರ ಸೀರಿಯಲ್ ನಂಬರ್ ಹೊಂದದಿದ್ದರೆ ಸಾಫ್ಟ್‌ವೇರ್ ಒಪ್ಪಲ್ಲ. 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲೇ ಮೊದಲ ಬಾರಿಗೆ ಇದನ್ನು ನಿಷೇಧಿಸಿದ ರಾಜ್ಯ ಯಾವುದು ಗೊತ್ತಾ? ಒರೆಗಾನ್. ಅದೇ, ಪ್ಲಸ್ ಸ್ಕ್ರೂವಿನ ಫಿಲಿಪ್ಸ್ ಅವರ ರಾಜ್ಯ. ಆಪಲ್ ವಿರೋಧಿಸಿತ್ತು, ಆದರೂ ಕಾನೂನು ಬಂತು.

ನಮ್ಮಲ್ಲಿ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ಶುರುವಾಯ್ತು. ಮ್ಯಾನ್ಯುಯಲ್ ಕೊಡಲೇಬೇಕು, ಬಿಡಿಭಾಗ ಮಾರಲೇಬೇಕು ಅಂತ ಕಂಪನಿಗಳ ಕೈ ಕಟ್ಟುವ ಪ್ರತ್ಯೇಕ ಕಾನೂನು ಬಂದಿಲ್ಲ. ಎಸ್.ಪಿ. ರೋಡಿನಲ್ಲಿ ಮಲ್ಟಿಮೀಟರ್ ಹಿಡಿದು ಕೂತಿರುವ ಹುಡುಗ, ಐಬಿಎಂ 1981ರಲ್ಲಿ ಪುಸ್ತಕ ಮಾಡಿ ಮಾರಿದಂಥ ಸರ್ಕ್ಯೂಟ್ ನಕ್ಷೆಯನ್ನು ಈಗ ಇಂಟರ್‌ನೆಟ್ಟಿನಲ್ಲಿ ಕದ್ದುಮುಚ್ಚಿ ಹುಡುಕುತ್ತಿದ್ದಾನೆ.