ಬಣ್ಣ ಇಲ್ಲದ ಬೆಲ್ಲ

ಮನೆಯೊಳಗಿನ ಜಗಳವೊಂದನ್ನು ತೀರಿಸಿಕೊಡಿ ಎಂದು ಮಳವಳ್ಳಿಯ ಓದುಗರೊಬ್ಬರು ಬರೆದಿದ್ದಾರೆ. ಅವರ ಚಿಕ್ಕಪ್ಪ ಮಂಡ್ಯದ ಎಪಿಎಂಸಿಗೆ ಬೆಲ್ಲ ಒಯ್ದಾಗ, ಕೊಳ್ಳುವವರು ಅಚ್ಚು ಮುರಿದು ನೋಡಿ, “ಬಣ್ಣ ಇಲ್ಲ ಕಣಣ್ಣ, ರೇಟು ಬರಕಿಲ್ಲ” ಅಂದರಂತೆ. ಅದೇ ವಾರ ಹೆದ್ದಾರಿ ಬದಿಯ ಅಂಗಡಿಯಲ್ಲಿ “ಬಣ್ಣವಿಲ್ಲದ ಬೆಲ್ಲ” ಎಂಬ ಫಲಕ ಕಂಡಿತು. ಅಲ್ಲಿ ಬೆಲೆ ಹೆಚ್ಚು. ಯಾರ ಕನ್ನಡ ಸರಿ ಎಂಬುದು ಅವರ ಪ್ರಶ್ನೆ.

ಇಬ್ಬರದೂ ಸರಿ. ವ್ಯಾಪಾರಿಗೆ ಬಣ್ಣವೆಂದರೆ ಕಳೆ. ಅಂಗಡಿಯವನಿಗೆ ಬಣ್ಣವೆಂದರೆ ಹೊರಗಿನಿಂದ ಹಾಕಿದ್ದು. ‘ಬಣ್ಣ’ ಈ ಎರಡನ್ನೂ ಹೊತ್ತುಕೊಂಡೇ ಬದುಕಿದೆ. ಹುಡುಗಿಗೆ ಬಣ್ಣ ಬಂತು ಅಂದರೆ ಹೊಗಳಿಕೆ, ಅವನ ಬಣ್ಣ ಬಯಲಾಯಿತು ಅಂದರೆ ಮಾನ ಹೋಯಿತು. ಬಣ್ಣಿಸುವುದು ಕವಿಯ ಕೆಲಸ, ಬಣ್ಣ ಕಟ್ಟಿ ಹೇಳುವುದು ಚಾಡಿಕೋರನದು. ಪದ ಸಂಸ್ಕೃತದಿಂದ ಹೇಗೆ ಇಳಿದು ಬಂತೆಂಬುದು ಶಾಲೆಯ ಪಾಠ, ಅದನ್ನು ಬಿಡೋಣ.

ನನಗೆ ಹಿಡಿಸಿರುವ ವಾದ ಬೇರೆ. ಕನ್ನಡದ ಹಳೆಯ ಬಣ್ಣಗಳೆಲ್ಲ ಒಲೆಯ ಮುಂದೆ ಹುಟ್ಟಿದವು. ಬೇಯದೆ ಹಸಿಯಾಗಿರುವುದು ಹಸಿರು. ಕೆಂಡದ ಮೈ ಕೆಂಪು. ಸುಟ್ಟು ಕರಿಕಾದದ್ದು ಕರಿ. ಕಾವಿಗೆ ಕಂದಿದ್ದು ಕಂದು. ಬೆಳಕಿನ ಕಡೆಯದು ಬಿಳಿ. ಪಂಡಿತರು ಇದರಲ್ಲಿ ಅರ್ಧವನ್ನಾದರೂ ಒಪ್ಪುತ್ತಾರೆ, ಮಿಕ್ಕರ್ಧಕ್ಕೆ ನಾನೇ ಜಾಮೀನು. ಮದ್ದೂರು ವಡೆಯನ್ನೇ ನೋಡಿ. ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿ ಕಲಸಿ ತಟ್ಟಿ ಎಣ್ಣೆಯಲ್ಲಿ ‘ಕರಿ’ಯುತ್ತೇವೆ, ಆದರೆ ಅದು ‘ಕೆಂಪ’ಗಾದಾಗ ತೆಗೆಯಬೇಕು. ಕರಿಯುವ ಕೆಲಸ ಕರಿಯಲ್ಲಿ ಮುಗಿದರೆ ವಡೆ ಕೆಟ್ಟಿತು. ಅಂದರೆ ನಮ್ಮ ಮಾತಿನಲ್ಲಿ ಬಣ್ಣವು ಅಲಂಕಾರಕ್ಕಿಂತ ಮೊದಲು ಸುದ್ದಿ. ಪದಾರ್ಥ ಎಷ್ಟು ಬೆಂದಿದೆ, ಹೇಗೆ ಬೆಂದಿದೆ ಎಂಬ ಸುದ್ದಿ.

ಆಲೆಮನೆಯಲ್ಲಿ ಕೆಟ್ಟಿರುವುದು ಈ ಸುದ್ದಿಯೇ. ಕಬ್ಬಿನ ತಳಿ, ಗದ್ದೆಯ ಮಣ್ಣು, ಕೊಪ್ಪರಿಗೆಯ ಕಾವು ಎಲ್ಲವೂ ಬೆಲ್ಲದ ಮೈಮೇಲೆ ಕಾಣುತ್ತವೆ. ಹಿಂದಿನವರು ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಬಿಡುತ್ತಿದ್ದರು, ಅಳತೆ ಅರಿತು ಸುಣ್ಣ ಹಾಕುತ್ತಿದ್ದರು. ಪೇಟೆ ಹೊಂಬಣ್ಣವನ್ನೇ ಕೇಳತೊಡಗಿದ ಮೇಲೆ ಹೈಡ್ರೋಸ್ ಬಂತು. ಬಣ್ಣ ಬರಲಿ ಎಂದು ಹಾಕುವ ಈ ಪುಡಿ ಮಾಡುವುದು ಬಣ್ಣ ತೆಗೆಯುವ ಕೆಲಸ! ಆ ಹೊಳಪೂ ನಿಲ್ಲುವುದಿಲ್ಲ, ದಾಸ್ತಾನಿನಲ್ಲಿ ಬೆಲ್ಲ ಮತ್ತೆ ಕಂದುತ್ತದೆ. ಈ ಪುಡಿ ಬೆಲ್ಲದಲ್ಲಿ ಉಳಿಸಿಹೋಗುವ ಗಂಧಕದ ಡೈಆಕ್ಸೈಡ್ 70 ಪಿಪಿಎಂ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯದ ಹೆಸರಿನ ಎದುರಿಗಿರುವುದು ಬೆಲ್ಲ. ಆ ಹೆಸರಿಗೆ ಹೊಳಪಿಗಿಂತ ನಿಜ ಮುಖ್ಯ ಎಂದು ನನಗೆ ಅನಿಸುತ್ತದೆ.

ನಮ್ಮ ಹಿರಿಯರು ಇದನ್ನು ಒಂದು ಗಾದೆಯಲ್ಲಿ ಇಟ್ಟುಹೋಗಿದ್ದಾರೆ. ಬೆಳ್ಳಗಿರೋದೆಲ್ಲ ಹಾಲಲ್ಲ. ಮೋಸಗಾರರನ್ನು ಕುರಿತ ಬುದ್ಧಿಮಾತೆಂದು ಎಲ್ಲರೂ ಇದನ್ನು ಬೇಗ ದಾಟಿಬಿಡುತ್ತಾರೆ. ಸ್ವಲ್ಪ ನಿಲ್ಲಿ. ಸುಣ್ಣ ಕದಡಿದ ನೀರು ಬೆಳ್ಳಗಿದೆ, ಅಕ್ಕಿ ತೊಳೆದ ನೀರು ಬೆಳ್ಳಗಿದೆ, ಇವನ್ನು ಹಾಲೆಂದು ಯಾರೂ ಕರೆಯುವುದಿಲ್ಲ. ಆದರೆ ಎಕ್ಕದ ಗಿಡ ಮುರಿದರೆ ಸುರಿಯುವುದನ್ನು ಎಕ್ಕದ ಹಾಲು ಅನ್ನುತ್ತೇವೆ. ಕಳ್ಳಿಯದು ಕಳ್ಳಿ ಹಾಲು. ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ, ಹೆಸರು ಮಾತ್ರ ಹಾಲು! ಕಬ್ಬಿನ ರಸವನ್ನೂ ಕಬ್ಬಿನ ಹಾಲು ಅನ್ನುವ ಊರು ನಮ್ಮದು, ಅದು ಬೆಳ್ಳಗೂ ಇಲ್ಲ. ಗಾದೆ ಕಟ್ಟಿದವರು ಮೋಸಗಾರನಿಗಿಂತ ಹೆಚ್ಚಾಗಿ ಕನ್ನಡವನ್ನೇ ಎಚ್ಚರಿಸುತ್ತಿದ್ದರೆಂದು ನಾನು ನಂಬಿದ್ದೇನೆ. ಮಹಾಭಾರತದ ಅಶ್ವತ್ಥಾಮ ಹಿಟ್ಟು ಕದಡಿದ ನೀರು ಕುಡಿದು ಹಾಲು ಕುಡಿದೆನೆಂದು ಕುಣಿದನಲ್ಲ, ಆ ಮಗುವಿಗೆ ಬಣ್ಣ ಒಂದೇ ಸಾಕ್ಷಿಯಾಗಿತ್ತು. ಬಡತನದಲ್ಲಿ ಬಣ್ಣವನ್ನು ನಂಬದೆ ಬೇರೆ ದಾರಿ ಇರುವುದಿಲ್ಲ. ಅವನ ತಂದೆ ದ್ರೋಣರ ಸಂಕಟವೆಲ್ಲ ಅಲ್ಲಿಂದಲೇ ಶುರು.

ಈಗ ಹಾಲಿನ ಬಣ್ಣವನ್ನು ಹಾಲಿನಲ್ಲಿ ಹುಡುಕುವವರಿಲ್ಲ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮನ್‌ಮುಲ್ ಡೇರಿಯಿದೆ. ಅಲ್ಲಿಯ ನಂದಿನಿಯನ್ನು ಕೊಳ್ಳುವ ಹೆಂಗಸರು ಬೆಳಿಗ್ಗೆ “ನೀಲಿ ಎರಡು, ಹಸಿರು ಒಂದು ಕೊಡಪ್ಪ” ಅನ್ನುತ್ತಾರೆ. ಹಾಲು ಎಂಬ ಮಾತೇ ಬೇಡ. ನೀಲಿಯೆಂದರೆ 3 ಪರ್ಸೆಂಟ್ ಕೊಬ್ಬಿನ ಟೋನ್ಡ್, ಹಸಿರೆಂದರೆ 3.5ರ ಹಸುವಿನ ಹಾಲು, ಕಿತ್ತಳೆಯೆಂದರೆ 4.5ರ ಶುಭಂ. ಓದು ಬಾರದ ಅಜ್ಜಿಗೂ ಕೊಬ್ಬಿನ ಲೆಕ್ಕ ಕೈಗೆ ಸಿಕ್ಕಿದೆ. ಇದಕ್ಕಿಂತ ಒಳ್ಳೆಯ ಬ್ರಾಂಡಿಂಗ್ ನಮ್ಮ ಸೀಮೆಯಲ್ಲಿ ನಾನು ಕಂಡಿಲ್ಲ, ಏಕೆಂದರೆ ಇಲ್ಲಿ ಬಣ್ಣ ಮತ್ತೆ ಸುದ್ದಿಯಾಗಿದೆ. ಆದರೆ ಇದು ಊರೂರಿನ ಒಪ್ಪಂದ. ಮಂಡ್ಯದ ಸೊಸೆ ಚೆನ್ನೈಗೆ ಹೋಗಿ ಹಸಿರು ಕೇಳಿದರೆ ಅಲ್ಲಿಯ ಆವಿನ್ ಡೇರಿ ಕೊಡುವ ಹಸಿರು ಪೊಟ್ಟಣದಲ್ಲಿ ಕೊಬ್ಬು ಇಲ್ಲಿಯದಕ್ಕಿಂತ ಹೆಚ್ಚು. 2023ರ ಮಾರ್ಚ್‌ನಲ್ಲಿ ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಮುಖ್ಯವಾಗಿ ಅಚ್ಚಿಸಿ ಎಂಬ ಆದೇಶ ಬಂದಾಗ ಕನ್ನಡಿಗರೂ ತಮಿಳರೂ ಎದ್ದು ನಿಂತದ್ದು ಇದೇ ಕಾರಣಕ್ಕೆ. ಪೊಟ್ಟಣ ನಮ್ಮೊಡನೆ ಮಾತಾಡುತ್ತದೆ, ನಮ್ಮ ಮಾತಿನಲ್ಲೇ ಆಡಬೇಕು. ಆದೇಶವನ್ನು ಅದೇ ತಿಂಗಳು ತಿದ್ದಿದರು.

ಅಕ್ಕಿಯಲ್ಲಂತೂ ಬೆಲೆ ತಲೆಕೆಳಗಾಗಿದೆ. ಬಿಳಿ ಅನ್ನ ಹಬ್ಬದ್ದು, ಕೆಂಪಕ್ಕಿ ಕೂಲಿಯವರದ್ದು ಎಂದು ನಮ್ಮ ಮನೆಗಳಲ್ಲಿ ಅನ್ನುತ್ತಿದ್ದರು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ಉಳಿಸಿಕೊಂಡಿದ್ದಾರೆ. ತೆನೆಗಳೇ ಕಪ್ಪು, ಕೆಂಪು, ಹೊಂಬಣ್ಣ. ನಗರದವರು ಈಗ ರಾಜಮುಡಿ ಎಂದು ಹೆಸರು ಹಿಡಿದು, ಕೆಂಪು ಕೇಳಿ, ದುಡ್ಡು ಕೊಟ್ಟು ಒಯ್ಯುತ್ತಾರೆ. ಅಕ್ಕಿ ಬದಲಾಗಿಲ್ಲ. ತವುಡು ಉಳಿದಿದೆ ಎಂಬ ಸುದ್ದಿಯನ್ನು ಕೆಂಪಿನಲ್ಲಿ ಓದುವವರು ಹುಟ್ಟಿದ್ದಾರೆ.

ನನ್ನ ಅಸಮಾಧಾನವನ್ನೂ ಹೇಳಿಬಿಡುತ್ತೇನೆ. ಕೆಂಪು ಅಂದರೆ ಉತ್ಸಾಹ, ನೀಲಿ ಅಂದರೆ ನಂಬಿಕೆ ಎಂದು ಎಲ್ಲಿಯದೋ ಪಟ್ಟಿ ಹಿಡಿದು ಜಾಹೀರಾತು ಮಾಡುವವರು ಅರಿಶಿನ ಕುಂಕುಮದ ಊರಿಗೆ ಬಂದು ನಮಗೇ ಪಾಠ ಹೇಳುತ್ತಾರೆ. ನವೆಂಬರ್ ಬಂತೆಂದರೆ ಹಳದಿ-ಕೆಂಪು ಬಳಿದ ಫಲಕ, ಅದರಲ್ಲಿ ನಾಲ್ಕು ಕಾಗುಣಿತದ ತಪ್ಪು. ಬಾವುಟದ ಬಣ್ಣ ತಂದವರು ಅಕ್ಷರವನ್ನೂ ತರಬೇಡವೇ? ಇನ್ನು ಎಲ್ಲರ ಬಾಯಲ್ಲೂ ‘ಕಲರ್’. ಸೀರೆ ಕಲರ್, ಗೋಡೆ ಕಲರ್, ಬೆಲ್ಲವೂ ಕಲರ್.

ಆದರೂ ಈ ‘ಕಲರ್’ಗೆ ಒಂದು ಕೆಲಸ ಸಿಕ್ಕಿದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ತಳ್ಳುಗಾಡಿಯ ಮುಂದೆ ನಿಂತು “ಕಲರ್ ಹಾಕಿಲ್ಲ ತಾನೇ?” ಎಂದು ಕೇಳುವ ಹುಡುಗರನ್ನು ಈಗ ನೋಡುತ್ತೇನೆ. ಅವರು ಬಣ್ಣ ಅನ್ನುವುದಿಲ್ಲ. ಡಬ್ಬಿಯಿಂದ ಬರುವುದು ಕಲರ್, ಬೆಂದು ಬರುವುದು ಬಣ್ಣ ಎಂಬ ಭೇದ ಅವರ ಬಾಯಲ್ಲಿ ತಾನಾಗಿ ಮೂಡುತ್ತಿದೆ. ಇದು ಗಟ್ಟಿಯಾದರೆ ಹೆದ್ದಾರಿಯ ಅಂಗಡಿಯವರು ಫಲಕವನ್ನು ‘ಕಲರ್ ಇಲ್ಲದ ಬೆಲ್ಲ’ ಎಂದು ತಿದ್ದಲಿ. ಪೊಟ್ಟಣದ ಮೇಲೆ ಕಬ್ಬಿನ ತಳಿ, ಬೇಯಿಸಿದ ದಿನ, ಆಲೆಮನೆಯ ಊರು ಅಚ್ಚಾಗಲಿ, ಬೆಲ್ಲದ ಬಣ್ಣ ಕಂದು ಎಂದು ದಪ್ಪಕ್ಷರದಲ್ಲೇ ಬರೆಯಲಿ.