ಮಕ್ಕಳಲ್ಲಿ ಚುಚ್ಚುಮದ್ದಿನ ಭಯ: ಪೋಷಕರಿಗೆ ಮಾಹಿತಿ

ಪೀಠಿಕೆ

ರಾಷ್ಟ್ರೀಯ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು 1985ರಿಂದ ಜಾರಿಯಲ್ಲಿದ್ದು, ಇದರಡಿ ಎಲ್ಲಾ ಮಕ್ಕಳಿಗೂ ಲಸಿಕೆಯನ್ನು ಉಚಿತವಾಗಿ ನೀಡಲಾಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಭಾಗದ ಗ್ರಾಮಗಳಲ್ಲಿ, ನಾಗರಹೊಳೆ ಅರಣ್ಯದ ಅಂಚಿನ ವೀರನಹೊಸಹಳ್ಳಿ ಸುತ್ತಮುತ್ತಲಿನ ಊರುಗಳಲ್ಲಿ ಹಾಗೂ ಗಿರಿಜನ ಹಾಡಿಗಳಲ್ಲಿ ವಾಸಿಸುವ ಮಕ್ಕಳು ಸಹ ಈ ಸೌಲಭ್ಯಕ್ಕೆ ಅರ್ಹರು.

ಆದರೆ ಸೂಜಿಯ ಭಯದಿಂದ ಮಗು ಅಳುವುದು, ಓಡಿಹೋಗುವುದು, ಅದನ್ನು ಕಂಡ ಪೋಷಕರು ಮರುಕದಿಂದ ಮುಂದಿನ ಲಸಿಕೆಯನ್ನು ಮುಂದೂಡುವುದು ಸಾಮಾನ್ಯ. ಸೂಜಿಯ ಭಯವು ಮಗುವಿನ ಹಟವಲ್ಲ, ದೌರ್ಬಲ್ಯವೂ ಅಲ್ಲ. ದೊಡ್ಡವರ ಮಾತು ಮತ್ತು ನಡವಳಿಕೆಯಿಂದ ಅದು ಹೆಚ್ಚಲೂಬಹುದು, ಕಡಿಮೆಯಾಗಲೂಬಹುದು. ಈ ಕುರಿತು ಪೋಷಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಭಯ ಹುಟ್ಟುವ ಬಗೆ

ಊಟ ಮಾಡದ, ಮಲಗದ ಅಥವಾ ಮಾತು ಕೇಳದ ಮಗುವಿಗೆ "ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸುತ್ತೇನೆ" ಎಂದು ಗದರಿಸುವುದು ಬಹುತೇಕ ಮನೆಗಳಲ್ಲಿ ರೂಢಿಯಲ್ಲಿದೆ. ಇದರಿಂದ ಚುಚ್ಚುಮದ್ದು ತಪ್ಪಿಗೆ ಸಿಗುವ ಶಿಕ್ಷೆ ಎಂಬ ಭಾವನೆ ಮಗುವಿನ ಮನಸ್ಸಿನಲ್ಲಿ ನೆಲೆಯೂರುತ್ತದೆ. "ಏನೂ ನೋವಾಗುವುದಿಲ್ಲ" ಎಂದು ಸುಳ್ಳು ಹೇಳುವುದು ಹಾಗೂ ಜಾತ್ರೆಗೆಂದೋ ನೆಂಟರ ಮನೆಗೆಂದೋ ನಂಬಿಸಿ ಲಸಿಕಾ ಕೇಂದ್ರಕ್ಕೆ ಕರೆತರುವುದು ಸಹ ಅಷ್ಟೇ ಹಾನಿಕರ. ಒಮ್ಮೆ ಮೋಸಹೋದ ಮಗು ಮುಂದಿನ ಬಾರಿ ತಾಯಿಯ ಮಾತನ್ನೂ ನಂಬುವುದಿಲ್ಲ.

ಮಗು ಭರವಸೆ ಇಟ್ಟವರು ಧೈರ್ಯದಿಂದಿದ್ದರೆ ಮಗುವಿಗೂ ಧೈರ್ಯ ಬರುತ್ತದೆ. ಈ ಅರಿವು ಮೈಸೂರು ಸೀಮೆಗೆ ಹೊಸದಲ್ಲ. ಸಿಡುಬಿನ ಲಸಿಕೆ 1802ರಲ್ಲಿ ಭಾರತಕ್ಕೆ ಬಂದಾಗ ಜನರು ಅದಕ್ಕೆ ಅಂಜುತ್ತಿದ್ದರು. ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ರಚಿಸಿದ ಮೈಸೂರು ರಾಣಿಯರ ಚಿತ್ರವೊಂದರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಪತ್ನಿ ದೇವಾಜಮ್ಮಣ್ಣಿಯವರು ಸೆರಗು ಸರಿಸಿ, ತೋಳಿನಲ್ಲಿ ಲಸಿಕೆ ಪಡೆದ ಜಾಗವನ್ನು ತೋರಿಸುತ್ತಿದ್ದಾರೆಂಬುದು ಇತಿಹಾಸಕಾರರ ಅಭಿಪ್ರಾಯ. ಜನರ ಅಂಜಿಕೆ ಹೋಗಲಾಡಿಸುವುದು ಆ ಚಿತ್ರದ ಉದ್ದೇಶವಾಗಿತ್ತೆಂದು ಅವರು ಹೇಳುತ್ತಾರೆ.

ಯಾವ ವಯಸ್ಸಿನಲ್ಲಿ ಲಸಿಕೆ

ಹುಟ್ಟಿದ ಕೂಡಲೇ, ನಂತರ 6, 10 ಮತ್ತು 14 ವಾರಗಳಲ್ಲಿ, 9 ತಿಂಗಳು ತುಂಬಿದಾಗ, 16ರಿಂದ 24 ತಿಂಗಳೊಳಗೆ, 5ರಿಂದ 6 ವರ್ಷದೊಳಗೆ ಹಾಗೂ 10 ಮತ್ತು 16ನೇ ವರ್ಷದಲ್ಲಿ ಲಸಿಕೆ ಪಡೆಯಬೇಕು. ಪೋಲಿಯೋ ಹನಿ ಮತ್ತು ರೋಟಾ ವೈರಸ್ ಲಸಿಕೆಗಳನ್ನು ಬಾಯಿಯ ಮೂಲಕ ನೀಡುವುದರಿಂದ ಅವುಗಳಿಗೆ ಸೂಜಿ ಬೇಕಾಗುವುದಿಲ್ಲ. ಒಂದು ವರ್ಷದೊಳಗಿನ ಶಿಶುಗಳಿಗೆ ಹೆಚ್ಚಿನ ಚುಚ್ಚುಮದ್ದುಗಳನ್ನು ತೊಡೆಗೂ, ಶಾಲಾ ವಯಸ್ಸಿನ ಮಕ್ಕಳಿಗೆ ತೋಳಿಗೂ ನೀಡಲಾಗುತ್ತದೆ. ಪ್ರತಿ ಮಗುವಿಗೂ ಒಮ್ಮೆ ಮಾತ್ರ ಬಳಸಬಹುದಾದ ಹೊಸ ಸಿರಿಂಜನ್ನು ಉಪಯೋಗಿಸಲಾಗುತ್ತದೆ.

ಲಸಿಕೆಯ ದಿನ ಪೋಷಕರು ಅನುಸರಿಸಬೇಕಾದ ಕ್ರಮಗಳು

1. ಚಿಕ್ಕ ಮಕ್ಕಳಿಗೆ ಅದೇ ದಿನ, ಶಾಲೆಗೆ ಹೋಗುವ ಮಕ್ಕಳಿಗೆ ಒಂದು ದಿನ ಮುಂಚಿತವಾಗಿ ವಿಷಯ ತಿಳಿಸುವುದು. "ಸ್ವಲ್ಪ ಚುರುಕ್ ಎನ್ನುತ್ತದೆ, ಬೇಗ ಮುಗಿಯುತ್ತದೆ, ನಾನು ಜೊತೆಯಲ್ಲೇ ಇರುತ್ತೇನೆ" ಎಂಬಷ್ಟು ಸತ್ಯವನ್ನು ಹೇಳಿದರೆ ಸಾಕು.

2. ಶಿಶುಗಳಿಗೆ ಚುಚ್ಚುಮದ್ದಿಗೆ ಸ್ವಲ್ಪ ಮುಂಚೆ ಅಥವಾ ಚುಚ್ಚುವ ಸಮಯದಲ್ಲಿಯೇ ಎದೆಹಾಲು ಕುಡಿಸುವುದು. ಇದು ನೋವನ್ನು ಕಡಿಮೆ ಮಾಡುತ್ತದೆ. ಸಮಾಧಾನಕ್ಕೆಂದು ಒಂದು ವರ್ಷದೊಳಗಿನ ಮಕ್ಕಳಿಗೆ ಜೇನುತುಪ್ಪ ನೆಕ್ಕಿಸಬಾರದು.

3. ಮಗುವನ್ನು ಮಂಚದ ಮೇಲೆ ಅಂಗಾತ ಮಲಗಿಸಿ ಕೈಕಾಲು ಅದುಮಿ ಹಿಡಿಯಬಾರದು. ಶಿಶುವನ್ನು ಎದೆಗವಚಿಕೊಂಡು, ದೊಡ್ಡ ಮಗುವನ್ನು ತೊಡೆಯ ಮೇಲೆ ನೇರವಾಗಿ ಕೂರಿಸಿಕೊಂಡು ಹಿಡಿದುಕೊಳ್ಳಬೇಕು. ಮಗುವಿಗೆ ಅದು ಅಪ್ಪುಗೆ ಎನಿಸಬೇಕೇ ಹೊರತು ಬಂಧನ ಎನಿಸಬಾರದು.

4. ಆರು ವರ್ಷದೊಳಗಿನ ಮಕ್ಕಳ ಗಮನವನ್ನು ಆಟಿಕೆ, ಹಾಡು, ಕಥೆ ಅಥವಾ ಗಾಳಿಗುಳ್ಳೆ ಊದಿಸುವುದರ ಮೂಲಕ ಬೇರೆಡೆಗೆ ಸೆಳೆಯುವುದು. ದೊಡ್ಡ ಮಕ್ಕಳಿಗೆ ನಿಧಾನವಾಗಿ ದೀರ್ಘ ಉಸಿರು ಬಿಡಲು ಹೇಳುವುದು.

5. ಯಾವ ತೋಳಿಗೆ ಚುಚ್ಚಬೇಕು, ಸೂಜಿಯನ್ನು ನೋಡಬೇಕೇ ಬೇಡವೇ ಎಂಬಂತಹ ಸಣ್ಣ ಆಯ್ಕೆಗಳನ್ನು ಸಿಬ್ಬಂದಿಯವರ ಒಪ್ಪಿಗೆಯೊಂದಿಗೆ ಮಗುವಿಗೇ ಬಿಡುವುದು. ಲಸಿಕೆ ಬೇಕೇ ಬೇಡವೇ ಎಂದು ಮಾತ್ರ ಕೇಳಬಾರದು.

6. ಒಂದೇ ದಿನ ಹಲವು ಲಸಿಕೆಗಳಿದ್ದಲ್ಲಿ ಬಾಯಿಯ ಹನಿಗಳನ್ನು ಮೊದಲು, ಹೆಚ್ಚು ನೋವುಂಟುಮಾಡುವ ಚುಚ್ಚುಮದ್ದನ್ನು ಕೊನೆಯಲ್ಲಿ ನೀಡುವಂತೆ ಆರೋಗ್ಯ ಸಿಬ್ಬಂದಿಯವರನ್ನು ಕೋರಬಹುದು.

7. ಅತ್ತ ಮಗುವನ್ನು ಗದರಿಸುವುದು, ಇತರ ಮಕ್ಕಳೊಂದಿಗೆ ಹೋಲಿಸಿ ಅವಮಾನಿಸುವುದು ಸಲ್ಲದು. ಅತ್ತರೂ ಕೈ ಅಲುಗಿಸದೆ ಕುಳಿತ ಮಗುವಿಗೆ ಮೆಚ್ಚುಗೆಯ ಮಾತು ಹೇಳಬೇಕು. ಆ ನೆನಪೇ ಮುಂದಿನ ಬಾರಿಗೆ ಧೈರ್ಯ.

8. ಲಸಿಕೆಯ ನಂತರ ಅರ್ಧ ಗಂಟೆ ಕೇಂದ್ರದಲ್ಲಿಯೇ ಇರಬೇಕು. ಚುಚ್ಚಿದ ಜಾಗವನ್ನು ಉಜ್ಜಬಾರದು, ಬಿಸಿ ಶಾಖ ಕೊಡಬಾರದು. ಜ್ವರ ಬಂದಲ್ಲಿ ಸಿಬ್ಬಂದಿಯವರು ತಿಳಿಸಿದ ಪ್ರಮಾಣದಲ್ಲಿ ಮಾತ್ರ ಔಷಧಿ ನೀಡಬೇಕು.

ಶಾಲೆ ಮತ್ತು ಆಶ್ರಮ ಶಾಲೆಗಳಲ್ಲಿ

ಆಶ್ರಮ ಶಾಲೆಗಳಲ್ಲಿ ಮಕ್ಕಳು ತಂದೆತಾಯಿಯರಿಂದ ದೂರವಿರುವುದರಿಂದ ಶಿಕ್ಷಕರು ಮತ್ತು ಮೇಲ್ವಿಚಾರಕರೇ ಪೋಷಕರ ಸ್ಥಾನದಲ್ಲಿ ನಿಂತು ಧೈರ್ಯ ತುಂಬಬೇಕಾಗುತ್ತದೆ. ಒಬ್ಬರಿಗೆ ಚುಚ್ಚುವುದು ಸಾಲಿನಲ್ಲಿರುವ ಉಳಿದವರಿಗೆ ಕಾಣದಂತೆ ಮರೆಯ ವ್ಯವಸ್ಥೆ ಮಾಡಬೇಕು. ಹೆಚ್ಚು ಭಯಪಡುವ ಮಗುವನ್ನು ಕೊನೆಯವರೆಗೂ ಕಾಯಿಸಬಾರದು. ಹಸಿದ ಹೊಟ್ಟೆಯಲ್ಲಿ ಲಸಿಕೆಗೆ ಕಳುಹಿಸಬಾರದು.

ಹದಿಹರೆಯದ ಕೆಲವರು ಸೂಜಿ ಕಂಡೊಡನೆ ತಲೆ ಸುತ್ತಿ ಬೀಳುವುದುಂಟು. ಇದು ಲಸಿಕೆಯ ದೋಷವಲ್ಲ. ಭಯದಿಂದ ನಾಡಿಬಡಿತ ಮತ್ತು ರಕ್ತದೊತ್ತಡ ಹಠಾತ್ತನೆ ಇಳಿಯುವುದೇ ಇದಕ್ಕೆ ಕಾರಣ. ಅಂತಹವರಿಗೆ ಮಲಗಿಸಿಯೇ ಲಸಿಕೆ ನೀಡುವಂತೆ ಸಿಬ್ಬಂದಿಯವರಿಗೆ ಮೊದಲೇ ತಿಳಿಸಬೇಕು. ತಲೆ ಸುತ್ತಿದಲ್ಲಿ ಮಲಗಿಸಿ ಕಾಲುಗಳನ್ನು ಸ್ವಲ್ಪ ಎತ್ತರದಲ್ಲಿ ಇರಿಸಬೇಕು.

ನಾಯಿ ಕಡಿತವನ್ನು ಮಗು ಮುಚ್ಚಿಡದಿರಲಿ

ಸೂಜಿಯ ಭಯವು ಪ್ರಾಣಕ್ಕೇ ಅಪಾಯ ತರಬಹುದಾದ ಸಂದರ್ಭ ಇದು. ನಾಯಿ ಕಚ್ಚಿದರೆ ಹೊಕ್ಕಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕಿಸಬೇಕು ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಇದನ್ನು ಕೇಳಿ ಬೆಳೆದ ಮಗು, ನಾಯಿಯ ಹಲ್ಲು ತಾಗಿದರೂ ಮನೆಯಲ್ಲಿ ಹೇಳದೆ ಗಾಯವನ್ನು ಮರೆಮಾಚುವ ಸಾಧ್ಯತೆ ಇರುತ್ತದೆ. ರೇಬೀಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ನಂತರ ಬದುಕುಳಿಯುವುದು ಅತ್ಯಂತ ವಿರಳ. ಲಕ್ಷಣ ಕಾಣಿಸಿಕೊಳ್ಳುವ ಮುನ್ನ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ರೋಗವನ್ನು ತಡೆಗಟ್ಟಬಹುದು.

ಹೊಟ್ಟೆಗೆ ಹಾಕುತ್ತಿದ್ದ ಹಳೆಯ ಲಸಿಕೆಯ ತಯಾರಿಕೆಯನ್ನು ಭಾರತದಲ್ಲಿ 2004ರ ಡಿಸೆಂಬರ್‌ನಲ್ಲಿ ನಿಲ್ಲಿಸಲಾಯಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಚ್ಚಿದ ನಂತರ ಲಸಿಕೆ ಆರಂಭಿಸಿದ ದಿನ, ಅಲ್ಲಿಂದ 3, 7 ಮತ್ತು 28ನೇ ದಿನ, ಹೀಗೆ ನಾಲ್ಕು ಭೇಟಿಗಳಲ್ಲಿ ತೋಳಿನ ಚರ್ಮದೊಳಗೆ ಅತ್ಯಲ್ಪ ಪ್ರಮಾಣದ ಲಸಿಕೆ ನೀಡಲಾಗುತ್ತದೆ. ರಕ್ತ ಬಂದ ಗಾಯವಾದಲ್ಲಿ ಗಾಯದ ಸುತ್ತಲೂ ಪ್ರತಿಕಾಯದ ಔಷಧಿಯನ್ನು ಚುಚ್ಚಲಾಗುತ್ತದೆ. ಇದು ನೋವುಂಟುಮಾಡುವುದಾದರೂ ಅತ್ಯವಶ್ಯಕ. ಮಗುವಿಗೆ ಈ ವಿಷಯವನ್ನು ಮುಂಚಿತವಾಗಿ ತಿಳಿಸಬೇಕು.

ನಾಯಿ, ಬೆಕ್ಕು, ಕೋತಿ ಅಥವಾ ಕಾಡುಪ್ರಾಣಿ ಕಚ್ಚಿದಲ್ಲಿ ಅಥವಾ ಪರಚಿದಲ್ಲಿ, ಗಾಯವನ್ನು ಕೂಡಲೇ ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಬರಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಅಥವಾ ಸೊಪ್ಪಿನ ರಸ ಹಚ್ಚಬಾರದು. "ಯಾವ ಪ್ರಾಣಿ ಕಚ್ಚಿದರೂ ಹೇಳು, ಯಾರೂ ಬೈಯುವುದಿಲ್ಲ" ಎಂದು ಮಕ್ಕಳಿಗೆ ಮೊದಲೇ ತಿಳಿಸಿರುವುದು ಪೋಷಕರ ಕರ್ತವ್ಯ.

ಸೇವೆ ಪಡೆಯುವ ವಿಧಾನ

ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಕಾರ್ಯಕರ್ತೆಯಿಂದ ಲಸಿಕೆಯ ದಿನ ಮತ್ತು ಸ್ಥಳವನ್ನು ತಿಳಿದುಕೊಂಡು, ತಾಯಿ ಕಾರ್ಡ್‌ನೊಂದಿಗೆ ಹಾಜರಾಗಬೇಕು. ಕಾರ್ಡ್ ಕಳೆದುಹೋದ ಕಾರಣಕ್ಕೆ ಲಸಿಕೆ ತಪ್ಪಿಸಬಾರದು. ಆ ವಿಷಯವನ್ನು ಸಿಬ್ಬಂದಿಯವರ ಗಮನಕ್ಕೆ ತಂದರೆ ಸಾಕು.

ಕೂಲಿ ಕೆಲಸಕ್ಕಾಗಿ ಕೊಡಗಿನ ಕಾಫಿ ತೋಟಗಳಿಗೆ ಹೋಗುವ ಕುಟುಂಬಗಳು ಕಾರ್ಡನ್ನು ಜೊತೆಯಲ್ಲಿ ಒಯ್ದು, ಅಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿಯೇ ಮಗುವಿಗೆ ಲಸಿಕೆ ಹಾಕಿಸಬಹುದು. ತಂಬಾಕು ಬೇಯಿಸುವ ಸಮಯದಲ್ಲಿ ಬಿಡುವಿಲ್ಲದೆ ದಿನ ತಪ್ಪಿದಲ್ಲಿ, ಮುಂದಿನ ಲಸಿಕಾ ದಿನದಂದು ತಪ್ಪದೆ ಹಾಜರಾಗಬೇಕು. ತಡವಾಯಿತೆಂದು ಮೊದಲಿನಿಂದ ಪುನಃ ಆರಂಭಿಸುವ ಅಗತ್ಯವಿಲ್ಲ. ಉಳಿದ ಲಸಿಕೆಗಳನ್ನು ಎಲ್ಲಿಂದ ಮುಂದುವರಿಸಬೇಕೆಂಬುದನ್ನು ಸಿಬ್ಬಂದಿಯವರು ತಿಳಿಸುತ್ತಾರೆ.

ಭಯವು ವಿಪರೀತವಾಗಿದ್ದು, ಮಗು ದಿನಗಟ್ಟಲೆ ನಿದ್ರೆ ಮತ್ತು ಊಟ ಬಿಡುವಂತಿದ್ದಲ್ಲಿ ತಾಲ್ಲೂಕು ಆಸ್ಪತ್ರೆಯ ಮಕ್ಕಳ ತಜ್ಞರನ್ನು ಕಾಣಬೇಕು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು. ಲಸಿಕೆಯನ್ನು ಕೈಬಿಡುವುದು ಭಯಕ್ಕೆ ಪರಿಹಾರವಲ್ಲ. ನಂಬಿಕೆಯುಳ್ಳವರ ತೊಡೆಯ ಮೇಲೆ, ಸತ್ಯ ತಿಳಿದು ಪಡೆದ ಒಂದು ಲಸಿಕೆ ಮುಂದಿನ ಎಲ್ಲಾ ಲಸಿಕೆಗಳನ್ನು ಸುಲಭವಾಗಿಸುತ್ತದೆ.